ನಲವತ್ತೊಂದು ಹೆಂಗಸರಿಗೆ ವಾರ್ನಿಶ್

ಜೂನ್ ೪

ಅಪ್ಪನಿಗೆ,

ಇದು ಕ್ಷೇಮಸಮಾಚಾರದ ಕಾಗದವಲ್ಲ. ಆರು ವರ್ಷ ಒಂದಕ್ಷರ ಬರೆಯದವಳು ಈಗ ಬರೆದಳೆಂದರೆ ಏನೋ ಕೇಡಾಗಿರಬೇಕು ಎಂದುಕೊಳ್ಳುತ್ತೀರಿ. ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗೆ ಇದ್ದೇನೆ. ಕೆಲಸದ ವಿಷಯದಲ್ಲಿ ಒಂದು ಪ್ರಶ್ನೆ ಇದೆ. ಅದಕ್ಕೆ ಉತ್ತರ ಬಲ್ಲವರು ನೀವೊಬ್ಬರೇ ಆಗಿರುವುದು ನನ್ನ ಹಣೆಬರಹ. 'ನೀವು' ಎಂದು ಬರೆದದ್ದಕ್ಕೆ ಹುಬ್ಬೇರಿಸಬೇಡಿ. ಹಳೆಯ ಸಲಿಗೆಯನ್ನು ನಿಮ್ಮ ಬೊಂಬೆ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ.

ಇಲ್ಲಿಯ ಹಳೆಯ ನೂಲಿನ ಗಿರಣಿಯನ್ನು ಮ್ಯೂಸಿಯಂ ಮಾಡುತ್ತಿದ್ದಾರೆ. ಹೌದು, ಅಮ್ಮ ಕೆಲಸಕ್ಕಿದ್ದ ಗಿರಣಿಯೇ. ಕಿಟಕಿಗಳಿಗೆ ಮೊಳೆ ಹೊಡೆದು ಮುಚ್ಚಿದ್ದಾರೆಂದು, ಹತ್ತಿಯ ಧೂಳಿಗೆ ಉಸಿರು ಕಟ್ಟುತ್ತಿದೆಯೆಂದು, ನಲವತ್ತೊಂದು ಹೆಂಗಸರು ಹತ್ತೊಂಬತ್ತು ದಿನ ಗೇಟಿನ ಮುಂದೆ ಕೂತರಲ್ಲ, ಆ ದೃಶ್ಯವನ್ನು ಒಂದು ಮೇಜಿನ ಮೇಲೆ ಮಾಡಿಡುವ ಕೆಲಸ ನನಗೆ ಸಿಕ್ಕಿದೆ. ನಲವತ್ತೊಂದು ತವರದ ಬೊಂಬೆ, ಒಂದೊಂದೂ ಹೆಬ್ಬೆರಳಿನಷ್ಟು ಉದ್ದ. ಎರಕ ಮುಗಿದಿದೆ, ಬಣ್ಣ ನಡೆಯುತ್ತಿದೆ. ನಿಮ್ಮ ಹೆಸರು ಹೇಳಿ ಈ ಕೆಲಸ ಗಿಟ್ಟಿಸಿದ್ದಲ್ಲ ಎಂಬುದು ಗಮನದಲ್ಲಿರಲಿ.

ಆ ಹೆಂಗಸರಲ್ಲಿ ಹದಿನಾಲ್ಕು ಮಂದಿ ಇನ್ನೂ ಬದುಕಿದ್ದಾರೆ. ಅವರಲ್ಲಿ ಮೂವರಿಗೆ ಕಣ್ಣು ಕಾಣದು. ಹಾಗಾಗಿ ಬೊಂಬೆಗಳನ್ನು ಗಾಜಿನೊಳಗೆ ಇಡುವುದಿಲ್ಲ, ಬಂದವರೆಲ್ಲ ಕೈಗೆತ್ತಿಕೊಂಡು ನೋಡಬಹುದು ಎಂದು ಮೊದಲ ದಿನವೇ ಹೇಳಿಬಿಟ್ಟೆ. ಪ್ರಶ್ನೆ ಇಷ್ಟೇ: ದಿನಕ್ಕೆ ಇನ್ನೂರು ಕೈ ಮುಟ್ಟಿದರೂ ಬಣ್ಣ ಏಳದಿರಲು ಯಾವ ವಾರ್ನಿಶ್ ಹಚ್ಚಲಿ?

ಇನ್ನೊಂದು. ಎರಡನೇ ಸಾಲಿನಲ್ಲಿ ಬಲಗಡೆಯಿಂದ ಐದನೆಯವಳು ಅಮ್ಮ. ಇರುವುದು ಪತ್ರಿಕೆಯಲ್ಲಿ ಬಂದ ಕಪ್ಪುಬಿಳುಪಿನ ಒಂದೇ ಫೋಟೋ. ಅವಳು ಹೊದ್ದಿದ್ದ ಶಾಲಿನ ಬಣ್ಣ ಯಾವುದು? ನನಗಾಗ ಎರಡು ವರ್ಷ. ನೀವಂತೂ ಗಿರಣಿಯ ಯಜಮಾನರು ದೊಡ್ಡ ಗಿರಾಕಿ ಎಂದು ಗೇಟಿನ ಕಡೆ ತಲೆ ಹಾಕಲಿಲ್ಲವಂತೆ. ಆದರೂ ಶಾಲು ಮನೆಯಲ್ಲಿ ನೇತಾಡುತ್ತಿದ್ದುದನ್ನು ನೋಡಿರುತ್ತೀರಲ್ಲ.

ಇತಿ,
ನಿಮ್ಮ ಮಗಳು


ಜೂನ್ ೧೯

ಮೊಂಡಿಗೆ,

ಕಾಗದ ಬಂತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ಮ್ಯಾಟ್ ವಾರ್ನಿಶ್ ಹಚ್ಚು. ಹೊಳಪಿಲ್ಲದ್ದು. ಬೇರೆ ಮಾತಿಲ್ಲ. ಹೊಳಪಿನ ವಾರ್ನಿಶ್ ಹಚ್ಚಿದರೆ ದೀಪದ ಬೆಳಕು ಮುಖದ ಮೇಲೆ ಕೂತು, ಎರಡು ಕೂದಲಿನ ಕುಂಚದಲ್ಲಿ ನೀನು ಬರೆದ ಕಣ್ಣು ರೆಪ್ಪೆ ಯಾವುದೂ ಕಾಣದ ಹಾಗೆ ನುಂಗಿಹಾಕುತ್ತದೆ. ಐವತ್ತು ವರ್ಷದಿಂದ ಹೇಳುತ್ತಿದ್ದೇನೆ, ಬೊಂಬೆ ಇರುವುದು ನೋಡುವುದಕ್ಕೆ, ಮುಟ್ಟುವುದಕ್ಕಲ್ಲ. ನಮ್ಮ ಅಂಗಡಿಯಲ್ಲಿ ಕೈ ತೊಳೆಯದೆ ಬೊಂಬೆ ಮುಟ್ಟಿದವರು ಯಾರೂ ಇಲ್ಲ, ತೊಳೆದ ಮೇಲೂ ಬೊಂಬೆ ನಿಂತ ಪಾದದ ಪಟ್ಟಿಯನ್ನು ಹಿಡಿಯಬೇಕೇ ಹೊರತು ಮೈಯನ್ನಲ್ಲ. ಇನ್ನೂರು ಕೈ ಅಂತೆ. ಅದು ಮ್ಯೂಸಿಯಮ್ಮೋ ಬಸ್ ನಿಲ್ದಾಣವೋ?

ಹಚ್ಚುವ ಮೊದಲು ಡಬ್ಬಿಯನ್ನು ಚೆನ್ನಾಗಿ ಕದಡು. ಮರದ ಕಡ್ಡಿ ತಳ ಮುಟ್ಟಬೇಕು, ಹತ್ತು ನಿಮಿಷ ಗಡಿಯಾರ ನೋಡಿಕೊಂಡು ಕದಡು. ಹೊಳಪು ಕೊಲ್ಲಲು ಅದಕ್ಕೆ ಬೆರೆಸಿದ ಬಿಳಿ ಪುಡಿ ತಳದಲ್ಲಿ ಕೂತಿರುತ್ತದೆ. ಕದಡದೆ ತಳದ್ದನ್ನು ಹಚ್ಚಿದರೆ ಎಂಥ ಬಣ್ಣವಾದರೂ ಒಣಗಿದ ಮೇಲೆ ಬೆಳ್ಳಗೆ ಬೂಷ್ಟು ಹಿಡಿದ ಹಾಗೆ ಆಗುತ್ತದೆ. ಮರೆಯಬೇಡ.

ಶಾಲಿನ ಬಣ್ಣ ನೆನಪಿಲ್ಲ.

ಮೊಣಕಾಲು ನೋವು ಬಿಟ್ಟರೆ ಚೆನ್ನಾಗಿದ್ದೇನೆ, ನೀನು ಕೇಳಲಿಲ್ಲ.

ಅಪ್ಪ


ಜುಲೈ ೭

ಅಪ್ಪನಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲ ಮೈ ಉರಿಯಿತು. ಮೂರನೇ ಸಲ ಓದುವಾಗ ಕುಂಚ ಕೆಳಗಿಟ್ಟೆ.

ಹನ್ನೆರಡು ವರ್ಷ ನಿಮ್ಮ ಎದುರಿನ ಸ್ಟೂಲಿನ ಮೇಲೆ ಕೂತು ಕೆಲಸ ಕಲಿತವಳು ನಾನು. ಕೂದಲು ಹೇಗೆ ಕಟ್ಟಬೇಕು, ಉಸಿರು ಎಲ್ಲಿ ಹಿಡಿಯಬೇಕು, ಎಲ್ಲ ಹೇಳಿಕೊಟ್ಟಿರಿ. ಡಬ್ಬಿ ಕದಡಬೇಕೆಂದು ಒಂದು ದಿನವೂ ಹೇಳಲಿಲ್ಲ. ಕದಡಿದ್ದನ್ನು ನಾನು ಕಂಡಿಲ್ಲ. ಮೇಲಿನಿಂದ ಒಂದಿಷ್ಟು ಬಟ್ಟಲಿಗೆ ಸುರಿದು ನನ್ನ ಕಡೆ ತಳ್ಳುತ್ತಿದ್ದಿರಿ, ವಾರ್ನಿಶ್ ಡಬ್ಬಿಯನ್ನು ನಾನು ಮುಟ್ಟುವ ಹಾಗೇ ಇರಲಿಲ್ಲ. ಹಾಗಾದರೆ ಈ ಹತ್ತು ನಿಮಿಷದ ಪಾಠವನ್ನು ನೀವು ಕಲಿತದ್ದು ಯಾವಾಗ?

ನಾನೇ ಹೇಳಲೇ? ಬೊಂಬೆ ಬ್ಯಾಂಡಿನ ಮೂವತ್ತು ಜನರೂ ಬೆಳ್ಳಗಾದ ದಿನ. ಕೆಂಪು ಕೋಟು, ಬಂಗಾರದ ಗುಂಡಿ, ನಾಲ್ಕು ತಿಂಗಳ ನನ್ನ ಕೆಲಸ. ಬೆಳಿಗ್ಗೆ ಗಿರಾಕಿ ಬರುವ ಹೊತ್ತಿಗೆ ಮೂವತ್ತೂ ಮಂದಿ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ನಿಂತಿದ್ದರು. ವಾರ್ನಿಶ್‌ನಲ್ಲೇ ಏನೋ ದೋಷವಿದೆ ಎಂದು ನಾನು ಬಾಯಿ ತೆರೆದರೆ, ಆ ಗಿರಾಕಿಯ ಎದುರಿಗೇ ನೀವು ಅಂದಿರಿ: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಬಣ್ಣ ಒಣಗೋ ಮೊದಲೇ ಹಚ್ಚಿಬಿಟ್ಟಿದ್ದಾಳೆ ಸ್ವಾಮಿ, ಕೈ ಇನ್ನೂ ಹಸಿ." ಅವರು ನಕ್ಕರು. ನೀವೂ ನಕ್ಕಿರಿ. ಆ ಗಿರಾಕಿ ಊರೆಲ್ಲ ಹೇಳಿಕೊಂಡು ಬಂದರು, ಬೊಂಬೆ ಮೇಷ್ಟ್ರ ಮಗಳ ಕೈ ಹಸಿ ಅಂತ.

ಡಬ್ಬಿಯ ತಳ ಕೆರೆದು ಬಟ್ಟಲಿಗೆ ಸುರಿದು ಕೊಟ್ಟವರು ನೀವು. ನೀವು ಹೇಳಿದ ಮಾತನ್ನು ನಾನು ನಂಬಿದ್ದೆ ಅಪ್ಪ. ಆರು ವರ್ಷದಿಂದ ಪ್ರತಿ ಬಣ್ಣ ಒಣಗಿದ ಮೇಲೂ ಕೆನ್ನೆಗೆ ಒತ್ತಿ ನೋಡುತ್ತೇನೆ, ಇನ್ನೊಂದು ದಿನ ಕಾಯುತ್ತೇನೆ, ಮತ್ತೆ ಒತ್ತಿ ನೋಡುತ್ತೇನೆ. ನನ್ನ ಕೈಯ ಮೇಲೆ ನನಗೇ ಅನುಮಾನ. ಈಗ ನೀವೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಿದ್ದೀರಿ, ಅದೂ ನಾನು ಕಳ್ಳ ಎಂದು ಕೂಗುವ ಮೊದಲೇ.

ಇನ್ನು ವಾರ್ನಿಶ್. ನಿಮ್ಮ ಬುದ್ಧಿವಾದ ಕೇಳಿಯೂ ನಾನೇ ಪರೀಕ್ಷೆ ಮಾಡಿದೆ. ಉಳಿದ ಮೂರು ಎರಕಕ್ಕೆ ಒಂದೇ ಬಣ್ಣ ಹಚ್ಚಿ, ಒಂದಕ್ಕೆ ಮ್ಯಾಟ್, ಒಂದಕ್ಕೆ ಅರೆಹೊಳಪು, ಒಂದಕ್ಕೆ ಪೂರಾ ಹೊಳಪು. ಮೂರನ್ನೂ ಕೀಲಿಗೊಂಚಲಿನ ಜೊತೆ ಏಪ್ರನ್ ಜೇಬಿಗೆ ಹಾಕಿಕೊಂಡು ಒಂಬತ್ತು ದಿನ ಓಡಾಡಿದೆ. ನಿಮ್ಮ ಮ್ಯಾಟ್‌ನವಳ ಮೂಗು ಮೂರನೇ ದಿನಕ್ಕೆ ಸವೆದು ತವರ ಇಣುಕಿತು. ಅರೆಹೊಳಪಿನವಳು ಆರನೇ ದಿನ ಮೊಣಕೈ ಕಳೆದುಕೊಂಡಳು. ಹೊಳಪಿನವಳಿಗೆ ಒಂದು ಗೀರೂ ಇಲ್ಲ.

ಹೊಳಪೇ ಹಚ್ಚುತ್ತೇನೆ. ಎರಡು ಕೋಟು. ನೋಡುವವರಿಗೆ ಕಣ್ಣು ಕುಕ್ಕಿದರೆ ಕುಕ್ಕಲಿ.

ಇತಿ,
ಹಸಿ ಕೈಯವಳು


ಆಗಸ್ಟ್ ೧೧

ಅಪ್ಪನಿಗೆ,

ನೀವು ಉತ್ತರ ಬರೆಯಲಿಲ್ಲ. ನಾನು ಕಾಯಲೂ ಇಲ್ಲ ಎಂದು ಬರೆಯಬೇಕೆಂದಿದ್ದೆ. ಸುಳ್ಳಾಗುತ್ತದೆ. ಅಂಚೆಯವನು ನನ್ನನ್ನು ಕಂಡರೆ ಈಗ ಸೈಕಲ್ಲಿನ ಮೇಲಿಂದಲೇ ತಲೆ ಅಲ್ಲಾಡಿಸಿ ಹೋಗುತ್ತಾನೆ.

ನಡೆದದ್ದನ್ನು ನನ್ನ ಬಾಯಿಂದಲೇ ಕೇಳಿ. ಏಕೆಂದರೆ ಇನ್ನೊಂದು ಬಾಯಿಂದಲೂ ಕೇಳಲಿದ್ದೀರಿ.

ಅಮ್ಮನನ್ನು ಬಿಟ್ಟು ನಲವತ್ತು ಮಂದಿಗೂ ವಾರ್ನಿಶ್ ಮುಗಿಯಿತು. ಅಮ್ಮನಿಗೆ ಇನ್ನೂ ಶಾಲಿಲ್ಲ, ಬೂದು ತಳಬಣ್ಣದಲ್ಲೇ ಕೂತಿದ್ದಾಳೆ. ಹೋದ ಸೋಮವಾರ ಮ್ಯೂಸಿಯಂ ಅಧಿಕಾರಿ ನೋಡಲು ಬಂದರು. ಇಸ್ತ್ರಿ ಮಾಡಿದ ಮನುಷ್ಯ, ಮಾತನ್ನೂ ಇಸ್ತ್ರಿ ಮಾಡಿಯೇ ಆಡುತ್ತಾರೆ. ಮೇಜಿನ ಸುತ್ತ ಒಂದು ಸುತ್ತು ಬಂದು, ಕನ್ನಡಕ ತೆಗೆದು ಒರೆಸಿ, "ಏನಮ್ಮಾ ಇದು, ಎಲ್ಲರೂ ಮಿಠಾಯಿ ಥರ ಹೊಳೀತಾ ಇದಾರೆ. ಫೋಟೋದಲ್ಲಿ ಹೀಗಿಲ್ಲವಲ್ಲ. ಕಷ್ಟದಲ್ಲಿರೋ ಜನ ಹೀಗೆ ಹೊಳೀತಾರಾ?" ಎಂದರು. ಹೊಳಪನ್ನು ಕರಗಿಸಿ ತೆಗೆದು ಮ್ಯಾಟ್ ಹಚ್ಚಬೇಕಂತೆ. ಮ್ಯಾಟ್ ಸವೆಯುತ್ತದೆ ಎಂದರೆ, ಸವೆಯದ ಹಾಗೆ ಗಾಜಿನ ಪೆಟ್ಟಿಗೆ ಹಾಕಿಸುತ್ತಾರಂತೆ. ಪೆಟ್ಟಿಗೆ ಆಗಲೇ ಬಂದು ಮೂಲೆಯಲ್ಲಿ ನಿಂತಿದೆ, ಆಳೆತ್ತರ.

ಕರಗಿಸುವ ದ್ರಾವಣಕ್ಕೆ ಹೊಳಪೊಂದೇ ಹೋಗುವುದಿಲ್ಲ, ಕೆಳಗಿನ ಕಣ್ಣು ಹುಬ್ಬೂ ಹೋಗುತ್ತದೆ ಎಂದೆ. "ಬೇರೆ ಯಾರಾದರೂ ಅನುಭವಸ್ಥರ ಕೈಲಿ ಮಾಡಿಸೋಣ" ಎಂದರು. ಆಮೇಲೆ ಮೆಲ್ಲಗೆ, "ಹಿಂದೊಮ್ಮೆ ನಿಮ್ಮ ಕೈಲಿ ಮೂವತ್ತು ಬೊಂಬೆ ಕೆಟ್ಟವಂತೆ. ನಿಮ್ಮ ತಂದೆಯವರೇ ಹೇಳಿದ್ದರಂತೆ" ಎಂದರು.

ನೋಡಿ, ನೀವು ಗಿರಾಕಿಗೆ ಹೇಳಿದ ಒಂದು ಮಾತು ಆರು ವರ್ಷ ನಡೆದುಕೊಂಡು ಬಂದು ನನ್ನ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿತು.

ಅಧಿಕಾರಿ ನಿಮಗೆ ಕಾಗದ ಬರೆಯುತ್ತಾರೆ. ಬೊಂಬೆ ಮೇಷ್ಟ್ರು ಏನು ಹೇಳಿದರೆ ಅದು ಎಂದಿದ್ದಾರೆ. ನೀವು ಮ್ಯಾಟ್ ಎಂದರೆ, ಅಥವಾ ಹಳೆಯ ಮಾತನ್ನೇ ಇನ್ನೊಮ್ಮೆ ಅಂದರೆ, ಬೊಂಬೆಗಳು ನನ್ನ ಕೈ ಬಿಟ್ಟು ಹೋಗುತ್ತವೆ. ಆ ಮೂವರು ಕಣ್ಣಿಲ್ಲದ ಮುದುಕಿಯರು ಗಾಜು ಸವರಿ ಮನೆಗೆ ಹೋಗುತ್ತಾರೆ.

ಬುಧವಾರ ನಾನೊಂದು ಕೆಲಸ ಮಾಡಿದೆ. ಅಧಿಕಾರಿಯ ಅಪ್ಪಣೆ ಕೇಳದೆ ಹದಿನಾಲ್ಕು ಮಂದಿಯನ್ನೂ ಕರೆಸಿದೆ. ನಡೆದು ಬಂದವರು ಒಂಬತ್ತು, ಹೊತ್ತು ತಂದದ್ದು ಇಬ್ಬರನ್ನು, ಕಣ್ಣಿಲ್ಲದ ಮೂವರು ಒಬ್ಬರ ಭುಜ ಒಬ್ಬರು ಹಿಡಿದು ರೈಲಿನ ಹಾಗೆ ಬಂದರು. ರೈಲಿನ ಮುಂದಿದ್ದವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ, ಮುಷ್ಕರಕ್ಕೆ ಮೊದಲು ಕೂತವರು ಅವರೇ ಅಂತೆ. ಅವರ ಬೊಂಬೆಯನ್ನೇ ಅವರ ಅಂಗೈಗೆ ಇಟ್ಟೆ. ಹೆಬ್ಬೆರಳಿನಿಂದ ತಲೆಯಿಂದ ಕಾಲಿನವರೆಗೆ ಸವರಿದರು.

"ನುಣ್ಣಗಿದೀನಲ್ಲೇ," ಅಂದರು.

"ವಾರ್ನಿಶ್ ದೊಡ್ಡಕ್ಕ. ಹೊಳಪು ಜಾಸ್ತಿಯಾಯ್ತು ಅಂತ ಬೈತಿದಾರೆ."

ಪಕ್ಕದಲ್ಲಿದ್ದ, ಕಣ್ಣು ಕಾಣುವ ಇನ್ನೊಬ್ಬರು ಬಗ್ಗಿ ನೋಡಿ, "ಬೈಯೋಕೇನಿದೆ? ಸರಿಯಾಗೇ ಇದೆ. ಹತ್ತೊಂಬತ್ತು ದಿನದಲ್ಲಿ ಹದಿನೇಳು ದಿನ ಮಳೆ ಹೊಡೀತು. ತಲೆಯಿಂದ ಕಾಲ್ತನಕ ತೊಪ್ಪೆಯಾಗಿದ್ವಿ. ಆ ಪೇಪರಿನವನು ಬಂದಿದ್ದು ಬಿಸಿಲು ಬಿದ್ದ ದಿನ, ಅವನಿಗೆ ಶೀತ ಆಗಬಾರದು ನೋಡು" ಎಂದರು. ಉಳಿದವರೆಲ್ಲ ನಕ್ಕರು. ದೊಡ್ಡಕ್ಕ ನಗಲಿಲ್ಲ. ಬೊಂಬೆಯನ್ನು ಕೆನ್ನೆಗೆ ಒತ್ತಿಕೊಂಡು, "ಹಿಂಗೇ ತಣ್ಣಗಿದ್ದೆ" ಎಂದರು.

ಅಪ್ಪ, ಮಳೆಯ ವಿಷಯ ನನಗೆ ಗೊತ್ತಿರಲಿಲ್ಲ. ಹೊಳಪನ್ನು ನಾನು ಆರಿಸಿದ್ದು ಕೀಲಿಗೊಂಚಲು ನೋಡಿ. ಈಗ ಯಾರು ಬಂದು ಹೇಳಿದರೂ ಅವರ ಮೈ ಒರೆಸಿ ಒಣಗಿಸುವುದಿಲ್ಲ.

ನೀವು ಬರೆಯುವುದನ್ನು ಬರೆಯಿರಿ. ಗಿರಾಕಿ ಎದುರು ನಿಂತರೆ ನಿಮ್ಮ ಬೆನ್ನು ತಾನಾಗಿ ಬಾಗುತ್ತದೆ, ಅದು ನನಗೆ ಹೊಸದಲ್ಲ. ಅಮ್ಮ ಗೇಟಿನಲ್ಲಿ ಕೂತಾಗಲೂ ಬಾಗಿತು, ಬ್ಯಾಂಡಿನವರು ಬೆಳ್ಳಗಾದಾಗಲೂ ಬಾಗಿತು. ನಾನು ಮಾತ್ರ ಈ ಮೇಜು ಬಿಟ್ಟು ಏಳುವುದಿಲ್ಲ. ಕೂರುವುದು ನನಗೆ ತಾಯಿಯ ಕಡೆಯಿಂದ ಬಂದಿದೆ.

ಇತಿ,
ಮೊಂಡಿ


ಆಗಸ್ಟ್ ೨೪

ಮಾನ್ಯ ಮ್ಯೂಸಿಯಂ ಅಧಿಕಾರಿಗಳಿಗೆ,

ತಮ್ಮ ಪತ್ರ ತಲುಪಿತು. ನನ್ನ ಅಭಿಪ್ರಾಯ ಕೇಳಿದ್ದೀರಿ. ಬರೆಯುವುದು ರೂಢಿಯಿಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ.

ಗಾಜಿನ ಹಿಂದೆ ಇಡುವ ಬೊಂಬೆಗೆ ಮ್ಯಾಟ್ ವಾರ್ನಿಶ್. ಕೈಗೆ ಕೊಡುವ ಬೊಂಬೆಗೆ ಹೊಳಪಿನ ವಾರ್ನಿಶ್. ನಾನು ಐವತ್ತು ವರ್ಷ ಮ್ಯಾಟ್ ಬಿಟ್ಟು ಬೇರೆ ಹಚ್ಚದವನು, ಏಕೆಂದರೆ ನನ್ನ ಬೊಂಬೆಗಳನ್ನು ಯಾರ ಕೈಗೂ ಕೊಡುವ ಧೈರ್ಯ ನನಗೆ ಬರಲಿಲ್ಲ. ತಮ್ಮಲ್ಲಿರುವ ನಲವತ್ತೊಂದು ಬೊಂಬೆಗಳು ಕೈಗೆ ಕೊಡಲೆಂದೇ ಮಾಡಿದವು. ಹಚ್ಚಿರುವುದು ಸರಿಯಾದ ವಾರ್ನಿಶ್. ಅದನ್ನು ಕರಗಿಸಲು ಹೋದವರು ಮುಖಗಳನ್ನೂ ಕಳೆಯುತ್ತಾರೆ. ಆ ಕೆಲಸಕ್ಕೆ ನನ್ನನ್ನು ಕರೆದಿದ್ದೀರಿ. ನಾನು ಬರುವುದಿಲ್ಲ.

ಇನ್ನು ಮೂವತ್ತು ಬೊಂಬೆ ಕೆಟ್ಟ ವಿಚಾರ. ಅವು ನನ್ನ ಮಗಳ ಕೈಯಿಂದ ಕೆಟ್ಟವಲ್ಲ. ಗಿರಾಕಿ ಬೆಳಿಗ್ಗೆ ಬರುವವರಿದ್ದರು, ಹೊಸ ಡಬ್ಬಿ ತರಿಸಲು ಹೊತ್ತಿರಲಿಲ್ಲ. ಹಳೆಯ ಡಬ್ಬಿಯ ತಳದಲ್ಲಿದ್ದದ್ದನ್ನು ಕದಡದೆ ಸುರಿದು ಅವಳ ಕೈಗೆ ಕೊಟ್ಟವನು ನಾನು. ತಪ್ಪು ನನ್ನದೆಂದು ಆ ಬೆಳಿಗ್ಗೆಯೇ, ಖಾಲಿ ಡಬ್ಬಿ ನೋಡಿದಾಗಲೇ, ನನಗೆ ತಿಳಿಯಿತು. ಗಿರಾಕಿಯ ಎದುರು ಮೇಷ್ಟ್ರ ಹೆಸರು ಉಳಿಯಲೆಂದು ಮಗಳ ಹೆಸರು ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದದ್ದು ಬರದಿದ್ದರೂ ಒಪ್ಪಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಈ ಕಾಗದವನ್ನು ತಾವು ಯಾರಿಗೆ ಬೇಕಾದರೂ ತೋರಿಸಬಹುದು. ಆ ಗಿರಾಕಿಗೆ ನಾನೇ ಹೋಗಿ ಹೇಳಿ ಬಂದಿದ್ದೇನೆ.

ಸಾಕ್ಷಿಗೆ ಇಬ್ಬರು ಬ್ಯಾಂಡಿನವರನ್ನು ಕಳಿಸಿದ್ದೇನೆ. ಕಹಳೆಯವನು ಅಂದು ಬೆಳ್ಳಗಾದ ಹಾಗೇ ಇದ್ದಾನೆ. ಡೋಲಿನವನ ಬಿಳುಪಿನ ಮೇಲೆ ಹೋದ ತಿಂಗಳು ಹೊಳಪಿನ ವಾರ್ನಿಶ್ ಒಂದು ಕೋಟು ಹಚ್ಚಿದೆ. ಬಿಳುಪು ಹೋಗಿ ಮಗಳು ಹಚ್ಚಿದ ಕೆಂಪು ಹಾಗೇ ಎದ್ದು ಬಂತು. ಹಸಿ ಬಣ್ಣವಾಗಿದ್ದರೆ ಹೀಗೆ ಬರುತ್ತಿರಲಿಲ್ಲ.

ಅವಳ ಕೈ ನನ್ನ ಕೈಗಿಂತ ಗಟ್ಟಿ.

ತಮ್ಮ ವಿಶ್ವಾಸಿ,
ಬೊಂಬೆ ಮಾಡುವವನು


ಅದೇ ದಿನ

ಮೊಂಡಿ,

ಅಧಿಕಾರಿಗೆ ಬರೆದದ್ದರ ನಕಲು ಜೊತೆಗಿದೆ. ಮೂರು ಸಲ ಹರಿದು ಬರೆದೆ. ಗಿರಾಕಿಯ ಮನೆಗೆ ಹೋದಾಗ ಬೆನ್ನು ನೆಟ್ಟಗಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ. ಮೊಣಕಾಲು ಮಾತ್ರ ಬಾಗಿತ್ತು, ಅದು ವಯಸ್ಸಿಗೆ.

ಶಾಲಿನ ಬಣ್ಣ ನೆನಪಿಲ್ಲ ಎಂದದ್ದು ಸುಳ್ಳು. ನಾನು ಗೇಟಿನ ಕಡೆ ತಲೆ ಹಾಕಲಿಲ್ಲ ಎಂದು ನಿನಗೆ ಯಾರು ಹೇಳಿದರೋ, ನಿನ್ನ ಅಮ್ಮನೂ ಹಾಗೇ ತಿಳಿದಿದ್ದಳು. ಗೇಟಿನ ಎದುರು ಒಂದು ಕ್ಷೌರದಂಗಡಿ ಇತ್ತು. ಆ ಹತ್ತೊಂಬತ್ತು ದಿನದಲ್ಲಿ ಹನ್ನೊಂದು ಸಲ ಗಡ್ಡ ಬೋಳಿಸಿಕೊಂಡೆ. ಆಮೇಲೆ ಬೋಳಿಸಲು ಏನೂ ಉಳಿಯದೆ ಕ್ಷೌರಿಕ, "ಸುಮ್ನೆ ಕೂತು ನೋಡಿ ಮೇಷ್ಟ್ರೇ, ಕೆನ್ನೆ ಪಾಪ" ಎಂದ. ಒಳಗೆ ನಿಂತು ಅವನ ಕನ್ನಡಿಯಲ್ಲಿ ನೋಡುತ್ತಿದ್ದೆ. ನೀನು ನನ್ನ ಹೆಗಲ ಮೇಲಿದ್ದೆ. ಒಂದು ದಿನ ಕನ್ನಡಿಗೆ ಕೈಚಾಚಿ "ಅಮ್ಮ" ಎಂದು ಕೂಗಿದೆ. ನಾನು ನಿನ್ನ ಬಾಯಿ ಮುಚ್ಚಿದೆ. ರಸ್ತೆ ದಾಟಿ ಆರು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಯಜಮಾನರ ಮುಂದಿನ ಆರ್ಡರು ಹೋಗುತ್ತದೆಂದು ಇಡಲಿಲ್ಲ. ಅವಳಿಗೆ ಇದನ್ನು ಹೇಳಲೇ ಇಲ್ಲ. ಅವಳು ಹೋಗಿ ಹನ್ನೊಂದು ವರ್ಷವಾಯಿತು, ಇನ್ನು ಹೇಳಿಕೊಳ್ಳಲು ನೀನೊಬ್ಬಳೇ.

ಶಾಲು ಇಟ್ಟಿಗೆ ಬಣ್ಣದ್ದು. ಆದರೆ ಮಳೆಗೆ ನೆನೆದು ಬೀಟ್‌ರೂಟ್ ಹೆಚ್ಚಿದ ಬಣ್ಣಕ್ಕೆ ತಿರುಗಿರುತ್ತಿತ್ತು, ಅಷ್ಟು ದಿನವೂ ನಾನು ನೋಡಿದ್ದು ಆ ಬಣ್ಣವನ್ನೇ. ನೀನು ಬೀಟ್‌ರೂಟ್ ಬಣ್ಣ ಕಲಸಲು ಹೋಗಬೇಡ. ಸಾದಾ ಇಟ್ಟಿಗೆ ಬಣ್ಣ ಹಚ್ಚು. ಹೊಳಪಿನ ವಾರ್ನಿಶ್ ಯಾವ ಬಣ್ಣವನ್ನಾದರೂ ಒಂದು ಕೈ ಗಾಢ ಮಾಡುತ್ತದೆ. ಎರಡನೇ ಕೋಟಿಗೆ ಅವಳು ತಾನಾಗಿ ನೆನೆಯುತ್ತಾಳೆ.

ಕ್ಷಮಿಸು ಎಂದು ಬರೆಯುವಷ್ಟು ಮುಖವಿಲ್ಲ. ಬಣ್ಣದ ಸೂಚನೆ ಕೊಡಬಲ್ಲೆ, ಅಷ್ಟೇ ಕೊಟ್ಟಿದ್ದೇನೆ.

ಅಪ್ಪ


ಸೆಪ್ಟೆಂಬರ್ ೧೫

ಅಪ್ಪ,

ಇಟ್ಟಿಗೆ ಬಣ್ಣ ಹಚ್ಚಿದೆ. ಮೊದಲ ಕೋಟಿಗೆ ಶಾಲು ಗಾಢವಾಯಿತು. ಎರಡನೇ ಕೋಟು ಹಚ್ಚಿ ಕಿಟಕಿಯ ಹತ್ತಿರ ಇಟ್ಟು, ಒಣಗುವವರೆಗೆ ಎದುರಿಗೆ ಕೂತಿದ್ದೆ. ಈ ಸಲ ಕೆನ್ನೆಗೆ ಒತ್ತಿ ನೋಡಲಿಲ್ಲ. ನೋಡಬೇಕು ಅನ್ನಿಸಲಿಲ್ಲ.

ಅಧಿಕಾರಿ ನಿನ್ನ ಕಾಗದ ಓದಿ ಡೋಲಿನವನನ್ನೂ ಕಹಳೆಯವನನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಅದೇ ಹೊತ್ತಿಗೆ ದೊಡ್ಡಕ್ಕನ ರೈಲು ಬಂತು, ಬಂದು ಅವರ ಕೋಣೆಯ ಬಾಗಿಲಲ್ಲಿ ಕೂತೇಬಿಟ್ಟಿತು. "ಎಷ್ಟು ದಿನ ಕೂರಬೇಕು ಹೇಳಿ ಸ್ವಾಮಿ, ಊಟ ಕಟ್ಟಿಸ್ಕೊಂಡು ಬರ್ತೀವಿ. ನಮಗೆ ಅಭ್ಯಾಸ ಇದೆ" ಎಂದರು ದೊಡ್ಡಕ್ಕ. ಅಧಿಕಾರಿ ಹತ್ತೊಂಬತ್ತು ನಿಮಿಷವೂ ತಡೆಯಲಿಲ್ಲ. ಗಾಜಿನ ಪೆಟ್ಟಿಗೆ ಈಗ ಬಾಗಿಲ ಪಕ್ಕದಲ್ಲಿದೆ. ಬಂದವರು ಅದರಲ್ಲಿ ಕೊಡೆ ಇಡುತ್ತಾರೆ.

ಕ್ಷಮಿಸಿದ್ದೇನೆ ಎಂದು ನಾನೂ ಬರೆಯುವುದಿಲ್ಲ. ಆರು ವರ್ಷ ಸಣ್ಣದಲ್ಲ, ಆ ಆರು ಹೆಜ್ಜೆಯೂ ಸಣ್ಣದಲ್ಲ. ಬಾಯಿ ಮುಚ್ಚಿದ್ದಕ್ಕೆ ಜಗಳ ಬಾಕಿ ಇದೆ, ಅದನ್ನು ಕಾಗದದಲ್ಲಿ ಆಡಲು ನನಗೆ ಇಷ್ಟವಿಲ್ಲ.

ಶನಿವಾರ ಬಾಗಿಲು ತೆರೆಯುತ್ತಾರೆ. ಬಸ್ಸು ಗೇಟಿನ ಎದುರಿಗೇ ನಿಲ್ಲುತ್ತದೆ. ಕ್ಷೌರದಂಗಡಿ ಈಗಿಲ್ಲ, ಒಳಹೊಕ್ಕು ನಿಲ್ಲುತ್ತೇನೆ ಎಂದರೆ ಜಾಗವಿಲ್ಲ. ರಸ್ತೆ ದಾಟಿ ಬಾ. ಎರಡನೇ ಸಾಲು, ಬಲಗಡೆಯಿಂದ ಐದನೆಯವಳು. ಪಾದದ ಪಟ್ಟಿಯನ್ನಲ್ಲ, ಮೈ ಹಿಡಿದು ಎತ್ತಿಕೋ.

ಕೈ ತೊಳೆಯಬೇಕಾಗಿಲ್ಲ. ವಾರ್ನಿಶ್ ತಡೆಯುತ್ತದೆ.

ಮೊಂಡಿ